ಮನೆಯ ಸ್ಪೀಕರಿಗೆ ಆಕ್ಟಿವ್ ಕ್ರಾಸ್‌ಓವರ್: ಅಗ್ಗದಲ್ಲಿ ಯಾವುದನ್ನು ಕೊಳ್ಳಬೇಕು?

ಸ್ಪೀಕರಿನ ಹಿಂಬದಿಯಲ್ಲಿ ಎರಡು ಜೋಡಿ ಟರ್ಮಿನಲ್ ಕಂಡ ಕೂಡಲೇ ಎರಡು ಆಂಪ್ಲಿಫೈಯರ್ ಜೋಡಿಸಿ ‘ಬೈ-ಆಂಪ್ ಆಯಿತು’ ಎನ್ನುವವರು ಬಹಳ. ಆದರೆ ಧ್ವನಿಯನ್ನು ಬಾಸ್ ಒಂದು ಕಡೆಗೆ, ಕೀರಲು ಸ್ವರ ಇನ್ನೊಂದು ಕಡೆಗೆ ಎಂದು ಭಾಗ ಮಾಡುವ ಕಾಯಿಲ್, ಕೆಪಾಸಿಟರುಗಳ ಪ್ಯಾಸಿವ್ ಕ್ರಾಸ್‌ಓವರ್ ಆಗಲೂ ಪೆಟ್ಟಿಗೆಯೊಳಗೇ ಇರುತ್ತದೆ. ಆಕ್ಟಿವ್ ಪದ್ಧತಿ ಬೇರೆ: ಸಂಕೇತ ಆಂಪ್ಲಿಫೈಯರನ್ನು ಮುಟ್ಟುವ ಮೊದಲೇ ಎರಡಾಗುತ್ತದೆ, ಬಾಸ್ ನುಡಿಸುವ ವೂಫರಿಗೊಂದು, ಕೀರಲು ಸ್ವರ ನುಡಿಸುವ ಟ್ವೀಟರಿಗೊಂದು ಆಂಪ್ಲಿಫೈಯರ್ ನೇರವಾಗಿ ಸೇರುತ್ತದೆ. ಒಳಗಿನ ಸರ್ಕ್ಯೂಟನ್ನು ಕಳಚದೆ ಹೊರಗೊಂದು ಕ್ರಾಸ್‌ಓವರ್ ಇಟ್ಟರೆ ಫಿಲ್ಟರಿನ ಮೇಲೆ ಫಿಲ್ಟರ್ ಬಿದ್ದು ಎಲ್ಲವೂ ಕೆಡುತ್ತದೆ.

ಇದರ ಲಾಭ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. 8 ಓಮ್ ವೂಫರಿಗೆ 50 ವಾಟ್ ಕೊಡಲು ಸುಮಾರು 28 ವೋಲ್ಟಿನ ಶಿಖರ ಬೇಕು. ಅದೇ ಕ್ಷಣದಲ್ಲಿ ಟ್ವೀಟರಿಗೂ ಅಷ್ಟೇ ಬೇಕಾಯಿತು ಎಂದುಕೊಳ್ಳಿ. ಎರಡನ್ನೂ ಒಂದೇ ಆಂಪ್ಲಿಫೈಯರ್ ಹೊರಬೇಕಾದರೆ ಶಿಖರಗಳು ಕೂಡಿ 56 ವೋಲ್ಟ್ ದಾಟುತ್ತವೆ. ಅದಕ್ಕೆ 200 ವಾಟಿನ ಆಂಪ್ಲಿಫೈಯರೇ ಬೇಕು. ಬೇರ್ಪಡಿಸಿದರೆ 50 ವಾಟಿನ ಎರಡು ಸಾಕು. ನಿಜವಾದ ಸಂಗೀತದಲ್ಲಿ ಟ್ವೀಟರ್ ಅಷ್ಟು ಕೇಳುವುದಿಲ್ಲವಾದ್ದರಿಂದ ಲಾಭ ಇದಕ್ಕಿಂತ ಕಡಿಮೆ, ಆದರೆ ಲೆಕ್ಕದ ದಾರಿ ಇದೇ.

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೆಲೆಯದಲ್ಲ. ನಾವು ಕಿತ್ತು ಹಾಕುತ್ತಿರುವ ಪ್ಯಾಸಿವ್ ಸರ್ಕ್ಯೂಟ್ ಏನೇನು ಕೆಲಸ ಮಾಡುತ್ತಿತ್ತು? ಧ್ವನಿಯನ್ನು ಭಾಗ ಮಾಡುವುದು ಒಂದು. ಟ್ವೀಟರ್ ಸಾಮಾನ್ಯವಾಗಿ ವೂಫರಿಗಿಂತ ಜೋರು. ಅದನ್ನು ರೆಸಿಸ್ಟರಿನಿಂದ ತಗ್ಗಿಸುವುದು ಇನ್ನೊಂದು. ಕಡಿಮೆ ಆವರ್ತನದ ಧ್ವನಿ ಪೆಟ್ಟಿಗೆಯನ್ನು ಸುತ್ತಿಕೊಂಡು ಹಿಂದಕ್ಕೂ ಹರಡುವುದರಿಂದ ಮುಂದೆ ಸೊರಗುತ್ತದೆ, 20 ಸೆಂ.ಮೀ. ಅಗಲದ ಪೆಟ್ಟಿಗೆಯಲ್ಲಿ ಇದು 575 ಹರ್ಟ್ಸ್ ಆಸುಪಾಸಿನಲ್ಲಿ ನಡೆಯುತ್ತದೆ. ಒಳ್ಳೆಯ ಪ್ಯಾಸಿವ್ ವಿನ್ಯಾಸ ಇದನ್ನೂ ಸರಿದೂಗಿಸಿರುತ್ತದೆ. ಮೊದಲೆರಡನ್ನು ಮಾತ್ರ ಮಾಡುವ ಪೆಟ್ಟಿಗೆ ಎಷ್ಟೇ ಅಗ್ಗವಾದರೂ ಅರ್ಧ ಕೆಲಸದ್ದು.

ಬೆಹ್ರಿಂಗರ್ ಸಿಎಕ್ಸ್2310 ಅಂಥದ್ದು. ವೇದಿಕೆಯ ಧ್ವನಿವ್ಯವಸ್ಥೆಗಾಗಿ ಹುಟ್ಟಿದ ಈ ಅನಲಾಗ್ ಪೆಟ್ಟಿಗೆಯಲ್ಲಿ ಲಿಂಕ್‌ವಿಟ್ಜ್-ರೈಲಿ ಫಿಲ್ಟರ್ ಇದೆ, ಇಳಿಜಾರು ಆಕ್ಟೇವಿಗೆ (ಆವರ್ತನ ಎರಡು ಪಟ್ಟಾಗುವ ಅಂತರಕ್ಕೆ) 24 ಡೆಸಿಬೆಲ್. ಹ್ಯೂಲೆಟ್-ಪ್ಯಾಕರ್ಡ್‌ನ ಎಂಜಿನಿಯರ್ ಜೀಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರಲ್ಲಿ ಪ್ರಕಟಿಸಿದ ಈ ಫಿಲ್ಟರಿನ ಸೊಗಸು ಎರಡು ಭಾಗಗಳು ಕೂಡುವ ಸಂಧಿಯಲ್ಲಿದೆ: ಎರಡೂ ಕಡೆ 6 ಡೆಸಿಬೆಲ್ ತಗ್ಗಿ, ಅಲೆಗಳು ಜೊತೆಜೊತೆಗೇ ಏರಿಳಿಯುತ್ತ ಒಂದೇ ಫೇಸ್‌ನಲ್ಲಿ ಕೂಡುವುದರಿಂದ ಮೊತ್ತ ಸಮತಟ್ಟು. ಆದರೆ ಎರಡೂ ಡ್ರೈವರುಗಳು (ವೂಫರ್, ಟ್ವೀಟರ್) ಕಿವಿಯಿಂದ ಸಮದೂರದಲ್ಲಿದ್ದರೆ ಮಾತ್ರ. ವೂಫರಿನ ಧ್ವನಿಕೇಂದ್ರ ಕೋನಿನ ಆಳದಲ್ಲಿ, ಟ್ವೀಟರಿಗಿಂತ 2.5 ಸೆಂ.ಮೀ. ಹಿಂದಿದೆ ಎನ್ನಿ. 2,500 ಹರ್ಟ್ಸ್ ಅಲೆಯ ಉದ್ದವೇ 14 ಸೆಂ.ಮೀ.ಗಿಂತ ಕಡಿಮೆ, ಅಂದರೆ 65 ಡಿಗ್ರಿ ಫೇಸ್ ವ್ಯತ್ಯಾಸ. ನೇರ ಮುಂದೆ ಕೂತವರಿಗೆ ಸಂಧಿಯಲ್ಲಿ ಸುಮಾರು 1.5 ಡೆಸಿಬೆಲ್ ಕುಸಿತ, ಧ್ವನಿಯ ದಿಕ್ಕೂ ಕೆಳಕ್ಕೆ ವಾಲುತ್ತದೆ. ಟ್ವೀಟರನ್ನು 0.073 ಮಿಲಿಸೆಕೆಂಡ್ ತಡಮಾಡಿದರೆ ಸಾಕು. ತಿರುಗಿಸುವ ಗುಂಡಿಗಳಷ್ಟೇ ಇರುವ ಪೆಟ್ಟಿಗೆಯಲ್ಲಿ ಅದನ್ನು ಎಲ್ಲಿಂದ ತರುವುದು?

ಆದ್ದರಿಂದ ಟೂ-ವೇ (ವೂಫರ್, ಟ್ವೀಟರ್ ಎರಡೇ ಇರುವ) ಸ್ಪೀಕರಿಗೆ ನನ್ನ ಮತ ಸಂಕೇತವನ್ನು ಅಂಕಿಗಳಾಗಿಸಿ ಸಂಸ್ಕರಿಸುವ ಡಿಎಸ್‌ಪಿ ಕಡೆಗೆ. ಮಿನಿಡಿಎಸ್‌ಪಿ 2x4 ಎಚ್‌ಡಿಯಲ್ಲಿ ಎರಡು ಇನ್‌ಪುಟ್, ನಾಲ್ಕು ಔಟ್‌ಪುಟ್. ಫಿಲ್ಟರ್, ಮಟ್ಟ, ವಿಳಂಬ, ಈಕ್ವಲೈಸರ್ ಎಲ್ಲವೂ ಕಂಪ್ಯೂಟರಿನಿಂದ ಹೊಂದಿಸಬಹುದು. ಜೊತೆಗೆ ಅಳತೆಯ ಮೈಕ್ ಮತ್ತು ಉಚಿತ ತಂತ್ರಾಂಶ ರೂಮ್ ಈಕ್ಯೂ ವಿಜಾರ್ಡ್ ಬೇಕು. ಅಳತೆಯಿಲ್ಲದ ಡಿಎಸ್‌ಪಿಗೆ ದುಡ್ಡು ಸುರಿಯಬೇಡಿ. ಸಬ್‌ವೂಫರನ್ನು 80 ಹರ್ಟ್ಸ್‌ನಲ್ಲಿ ಬೇರ್ಪಡಿಸುವುದಷ್ಟೇ ಗುರಿಯಾದರೆ ಕೆಲವು ಸೆಂಟಿಮೀಟರಿನ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅಲ್ಲಿ ಅನಲಾಗ್ ಪೆಟ್ಟಿಗೆ ಧಾರಾಳ.

ಇಷ್ಟಾದ ಮೇಲೂ ಒಂದು ತೊಡಕು ಕಾಡುತ್ತದೆ: ಹಿಸ್ ಸದ್ದು. ವೃತ್ತಿಪರ ಉಪಕರಣಗಳ ರೂಢಿಯ ಮಟ್ಟ 1.23 ವೋಲ್ಟ್, ಮನೆಬಳಕೆಯವುಗಳದ್ದು 0.316 ವೋಲ್ಟ್, ಅಂತರ ಸುಮಾರು 12 ಡೆಸಿಬೆಲ್. ಹೆಚ್ಚಿನ ಮಟ್ಟಕ್ಕೆಂದು ಮಾಡಿದ ಪೆಟ್ಟಿಗೆಯನ್ನು ಕಡಿಮೆ ಮಟ್ಟದಲ್ಲಿ ನಡೆಸಿದರೆ ಸಂಗೀತ ಅದರ ಹಿಸ್ಸಿಗೆ ಹತ್ತಿರವಾಗುತ್ತದೆ. ಟ್ವೀಟರಿನ ಮುಂದಿದ್ದ ರೆಸಿಸ್ಟರ್ ಹೋಗಿರುವುದರಿಂದ ಕ್ರಾಸ್‌ಓವರಿನ ಸಣ್ಣ ಸದ್ದೂ ಬಿಚ್ಚಿ ಕೇಳುತ್ತದೆ. ಆಂಪ್ಲಿಫೈಯರಿನ ಇನ್‌ಪುಟ್‌ನಲ್ಲಿ 6.8 ಕಿಲೋಓಮ್ ಸರಣಿಯಲ್ಲಿ, 3.3 ಕಿಲೋಓಮ್ ನೆಲಕ್ಕೆ ಹಾಕಿದರೆ ಸುಮಾರು 10 ಡೆಸಿಬೆಲ್ ಇಳಿಯುತ್ತದೆ, ಸದ್ದೂ ಅಷ್ಟೇ ಇಳಿಯುತ್ತದೆ. ಖರ್ಚು ಕೆಲವೇ ರೂಪಾಯಿ.

ಟ್ವೀಟರಿಗೆ ರಕ್ಷಣೆಯಿಲ್ಲದೆ ಆಂಪ್ಲಿಫೈಯರ್ ತಾಗಿಸಬೇಡಿ. ಸರಣಿಯಲ್ಲಿ 20 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ 8 ಓಮ್‌ಗೆ ಸುಮಾರು 1,000 ಹರ್ಟ್ಸ್‌ನಿಂದ ಕೆಳಗಿನದನ್ನು ತಡೆಯುತ್ತದೆ, ಡಿಸಿ ವಿದ್ಯುತ್ತನ್ನು ಹತ್ತಿರ ಬಿಡುವುದಿಲ್ಲ. ಅಳತೆ ಮಾಡುವಾಗ ಅದನ್ನೂ ಸೇರಿಸಿಕೊಳ್ಳಿ. ಆಂಪ್ಲಿಫೈಯರನ್ನು ಕೊನೆಗೆ ಆನ್ ಮಾಡಿ, ಮೊದಲು ಆಫ್ ಮಾಡಿ. ಹೊಸ ಜೋಡಣೆಯನ್ನು ಪರೀಕ್ಷಿಸುವಾಗ ಟ್ವೀಟರಿನ ಜಾಗದಲ್ಲಿ ಹಳೆಯ ಸ್ಪೀಕರೊಂದನ್ನು ಇಟ್ಟು ಸಣ್ಣ ಧ್ವನಿಯಲ್ಲಿ ಕೇಳಿ: ಅದರಲ್ಲಿ ಬಾಸ್ ಬಂದರೆ ವೈರು ಅದಲುಬದಲಾಗಿದೆ.