ಡಬ್ ಅಂದರೆ ಕೆಳಗೆ ಟೊಳ್ಳು

ಅಂಗಳದ ಕಾಂಕ್ರೀಟ್ ತಗ್ಗಿದೆ ಅಂತ ಯಾರಾದರೂ ಕರೆದರೆ ನಾನು ಮೊದಲು ಹುಡುಕುವುದು ತಾರಸಿಯಿಂದ ಇಳಿಯುವ ಮಳೆನೀರಿನ ಪೈಪನ್ನು. ಬಹಳ ಸಲ ಅದರ ಬಾಯಿ ತಗ್ಗಿದ ಮೂಲೆಗೇ ತೆರೆದಿರುತ್ತದೆ.

ಈಚೆಗೆ ನೋಡಿದ ಒಂದು ಮನೆಯಲ್ಲೂ ಹಾಗೇ ಇತ್ತು. ಬಾಗಿಲ ಮುಂದಿನ ಚಪ್ಪಡಿ ಗೋಡೆ ಕಡೆಗೆ 2 ಇಂಚು ವಾಲಿತ್ತು. ಮನೆಯವರು ಅದರ ಮೇಲೆ ಮೂರು ಸಲ ಸಿಮೆಂಟ್ ಗಾರೆ ಎಳೆಸಿದ್ದರು. ಮೂರೂ ಪದರ ಅಂಚಿನಲ್ಲಿ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಸಡಿಲವಾದದ್ದನ್ನು ಅಲ್ಲಲ್ಲಿ ಕಿತ್ತು, ಸುತ್ತಿಗೆಯಿಂದ ಅಡಿಗೊಮ್ಮೆ ತಟ್ಟುತ್ತಾ ಹೋದೆ. (ಎದ್ದ ಗಾರೆಯೂ ಪೊಳ್ಳು ಸದ್ದೇ ಕೊಡುತ್ತದೆ. ಅದಕ್ಕೆ ಚಪ್ಪಡಿಯ ಮೈ ಮೇಲೇ ತಟ್ಟಬೇಕು.) ಗೇಟಿನ ಕಡೆ ‘ಠಣ್’. ಗೋಡೆ ಹತ್ತಿರ ಬಂದಂತೆ ‘ಡಬ್ ಡಬ್’. ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಂಚಿನ ಮಣ್ಣು ಕೆದಕಿದರೆ ನನ್ನ ಕೈ ಮೊಣಕೈವರೆಗೂ ಒಳಗೆ ಹೋಯಿತು.

ಪಾಯ ಕಟ್ಟಿದ ಮೇಲೆ ಗೋಡೆ ಪಕ್ಕ ಉಳಿಯುವ ಹಳ್ಳಕ್ಕೆ ಮಣ್ಣು ತುಂಬುತ್ತಾರಲ್ವಾ, ಅದನ್ನು 6 ಇಂಚಿಗೊಮ್ಮೆ ಸ್ವಲ್ಪ ನೀರು ಚಿಮುಕಿಸಿ, ಕುಟ್ಟಿ ಗಟ್ಟಿಮಾಡಿ ದಮ್ಮಸು ಮಾಡಬೇಕು. ಆ ಹೊತ್ತಿಗೆ ಎಲ್ಲರಿಗೂ ಅವಸರ, ಒಂದೇ ಸಲ ಸುರಿದು ಮುಚ್ಚುತ್ತಾರೆ. ಆಮೇಲೆ ನೀರು ಇಳಿದು ಮಣ್ಣು ಕೂರುತ್ತದೆ, ಸಣ್ಣ ಕಣ ಕೊಚ್ಚಿಹೋಗುತ್ತದೆ. 10 ಅಡಿ ಉದ್ದ, 10 ಅಡಿ ಅಗಲ, 4 ಇಂಚು ದಪ್ಪದ ಚಪ್ಪಡಿ 2,200 ಕೆಜಿಗೂ ಜಾಸ್ತಿ ತೂಗುತ್ತದೆ. ಕೆಳಗೆ ಆಸರೆ ಇಲ್ಲದಾಗ ಅದು ವಾಲದೆ ಏನು ಮಾಡೀತು? ಮೇಲೆ ಗಾರೆ ಎಳೆದರೆ ಭಾರ ಇನ್ನೂ ಏರುತ್ತದೆ, ಅಷ್ಟೇ.

ಹಾಗಾಗಿ ಮೊದಲ ಕೆಲಸ ನೀರಿನದು. ಮಳೆನೀರಿನ ಪೈಪನ್ನು ಗೋಡೆಯಿಂದ ದೂರಕ್ಕೆ ಒಯ್ಯಬೇಕು. ನೆಲದೊಳಗಿನ ಪೈಪಿನ ಮೇಲೆ ಅನುಮಾನವಿದ್ದರೆ ಎಲ್ಲ ನಲ್ಲಿ ನಿಲ್ಲಿಸಿ ಒಂದು ಗಂಟೆ ಮೀಟರ್ ನೋಡಿ. ಮುಳ್ಳು ಅಲುಗಿದರೆ ಎಲ್ಲೋ ಸೋರುತ್ತಿದೆ. ಮೀಟರಿಗೆ ಸಿಗದ ಚರಂಡಿ ಪೈಪನ್ನು ಬೇರೆಯಾಗಿ ನೋಡಬೇಕು.

ಚಪ್ಪಡಿ ಒಂದೆರಡು ದೊಡ್ಡ ತುಂಡಾಗಿ ಉಳಿದಿದ್ದರೆ ಅದನ್ನು ಎತ್ತಬಹುದು. ಹಳೆಯ ವಿಧಾನದಲ್ಲಿ ಒಂದೂವರೆ, ಎರಡು ಇಂಚಿನ ತೂತು ಕೊರೆದು ಮಣ್ಣು, ಮರಳು, ಸಿಮೆಂಟ್ ಕಲಸಿದ ರಾಡಿಯನ್ನು ಒತ್ತಡದಲ್ಲಿ ತುಂಬುತ್ತಾರೆ. ಹೊಸದು ಪಾಲಿಯುರೆಥೇನ್ ಫೋಮ್. ಬೆರಳು ಗಾತ್ರದ ತೂತು ಸಾಕು, ಎರಡು ದ್ರವ ಬೆರೆತು ಕೆಲವೇ ಸೆಕೆಂಡಿನಲ್ಲಿ ಉಬ್ಬುತ್ತದೆ. ಖರ್ಚು ಜಾಸ್ತಿ, ಭಾರ ಬಹಳ ಕಡಿಮೆ. ಮಣ್ಣು ಮೊದಲೇ ಸಡಿಲವಾಗಿರುವ ಕಡೆ ನಾನು ಫೋಮನ್ನೇ ಹೇಳುತ್ತೇನೆ. ದೊಡ್ಡ ಟೊಳ್ಳು, ಗಟ್ಟಿ ನೆಲ ಇದ್ದರೆ ರಾಡಿಯೇ ಸಾಕು.

ಎತ್ತುವಾಗ ಅವಸರ ಮಾಡಬಾರದು. ಚಪ್ಪಡಿ ಉದ್ದಕ್ಕೂ ದಾರ ಬಿಗಿದಿರುತ್ತೇವೆ. ಒಬ್ಬ ತುಂಬುತ್ತಾನೆ, ಇನ್ನೊಬ್ಬ ಮಂಡಿಯೂರಿ ದಾರವನ್ನೇ ನೋಡುತ್ತಾನೆ. ಒಂದೇ ತೂತಿಗೆ ಒಂದೇ ಸಲ ತುಂಬಿದರೆ ಚಪ್ಪಡಿ ಬಿರುಕು ಬಿಡುತ್ತದೆ, ಅದಕ್ಕೆ ತೂತಿನಿಂದ ತೂತಿಗೆ ಸ್ವಲ್ಪ ಸ್ವಲ್ಪವೇ. ಅಗತ್ಯಕ್ಕಿಂತ ಮೇಲೆದ್ದರೆ ಮತ್ತೆ ಕೆಳಗಿಳಿಸುವುದು ತೀರಾ ಕಷ್ಟ. ಆದ್ದರಿಂದ ದಾರ ನೋಡುವವನ ‘ಸಾಕು’ ಸ್ವಲ್ಪ ಮೊದಲೇ ಬರಬೇಕು.

ಪುಡಿಪುಡಿಯಾದ ಚಪ್ಪಡಿಗೆ ಇದು ಆಗುವುದಿಲ್ಲ, ಒಡೆದು ಹೊಸದಾಗಿ ಹಾಕಬೇಕು. ದಮ್ಮಸು, 4 ಇಂಚು ಜಲ್ಲಿ, ಗೋಡೆಯಿಂದ ಹೊರಕ್ಕೆ ಅಡಿಗೆ ಕಾಲು ಇಂಚು ವಾಟ, 8ರಿಂದ 10 ಅಡಿಗೊಂದು ಜಾಯಿಂಟ್ (ಬಿರುಕು ಬಿಟ್ಟರೂ ಅಲ್ಲೇ ಬಿಡಲಿ ಅಂತ ಬಿಡುವ ಸೀಳು), ಕನಿಷ್ಠ 7 ದಿನ ಒದ್ದೆಯಾಗಿಟ್ಟು ಕ್ಯೂರಿಂಗ್. ಅಂಚು ಕಾಲು ಇಂಚಷ್ಟೇ ಎದ್ದು ಕಾಲಿಗೆ ತಾಗುತ್ತಿದ್ದರೆ ಸುಮ್ನೆ ಕಾಂಕ್ರೀಟ್ ಉಜ್ಜುವ ಗ್ರೈಂಡರ್ ಹಿಡಿದು ಸವೆಸಿ. ಹತ್ತಿರ ದೊಡ್ಡ ಮರ ಇದ್ದರೆ ಮೊದಲು ಲೆವೆಲ್ (ಮಟ್ಟ ನೋಡುವ ಪಟ್ಟಿ) ಇಟ್ಟು ನೋಡಿ. ಕೆಲವೊಮ್ಮೆ ತಗ್ಗಿದ ಹಾಗೆ ಕಾಣುವ ಚಪ್ಪಡಿ ಇದ್ದಲ್ಲೇ ಇರುತ್ತದೆ, ಬೇರು ಪಕ್ಕದ್ದನ್ನು ಎತ್ತಿರುತ್ತದೆ.

ಆ ಮನೆಯಲ್ಲಿ ಪೈಪಿನ ಬಾಯನ್ನು ಆಚೆ ತಿರುಗಿಸಿ ಫೋಮ್ ತುಂಬಿದೆವು. ಎತ್ತುವುದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಅದಕ್ಕೂ ಮೊದಲು ಉಳಿದ ಗಾರೆಯನ್ನೆಲ್ಲ ಉಳಿಯಲ್ಲಿ ಕೀಳುವುದಕ್ಕೆ ಅರ್ಧ ದಿನ ಹೋಯಿತು.