ಸ್ವಇಚ್ಛಾ ಹೇಳಿಕೆ: ಯಾರ ಇಚ್ಛೆ?

'ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ.' ಕ್ರೈಂ ಸುದ್ದಿಯಲ್ಲಿ ಈ ಸಾಲು ಓದಿದ ಕೂಡಲೇ ಕೇಸು ಮುಗಿಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಕೋರ್ಟಿಗೆ ಹೋದರೆ ಆ ಸಾಲಿಗೆ ಅಷ್ಟು ಬೆಲೆ ಇಲ್ಲ.

ಠಾಣೆಯಲ್ಲಿ ಆರೋಪಿಯಿಂದ ಬರೆಸಿಕೊಳ್ಳುವ ಕಾಗದಕ್ಕೆ ನಮ್ಮಲ್ಲಿ 'ಸ್ವಇಚ್ಛಾ ಹೇಳಿಕೆ' ಎಂದು ಹೆಸರು. ಯಾರ ಬಲವಂತವೂ ಇಲ್ಲದೆ ತಾನಾಗಿ ಹೇಳಿದ್ದು ಎಂದರ್ಥ. ಕಾನೂನು ಮಾತ್ರ ಈ ಹೆಸರನ್ನು ನಂಬಿ ಕೂರುವುದಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಹೇಳುವುದೂ ಅದನ್ನೇ. 'ಬಾಯಿ ಬಿಡಿಸುವುದು' ಅಂದರೆ ಏನು ಅಂತ ಬ್ರಿಟಿಷರಿಗೂ ಚೆನ್ನಾಗಿ ಗೊತ್ತಿತ್ತು.

ಒಂದು ಸಣ್ಣ ಕಿಂಡಿ ಇದೆ. 'ಚಾಕುವಿನಿಂದ ಚುಚ್ಚಿದೆ, ಅದನ್ನು ಮನೆಯ ಸೂರಿನಲ್ಲಿ ಬಚ್ಚಿಟ್ಟಿದ್ದೇನೆ' ಎಂದು ಆರೋಪಿ ಹೇಳಿದ ಎನ್ನಿ. ಅದರಂತೆ ಚಾಕು ಸಿಕ್ಕರೆ ಬಚ್ಚಿಟ್ಟ ಮಾತನ್ನು ಕೋರ್ಟು ಗಮನಿಸಬಹುದು. ಚುಚ್ಚಿದೆ ಎಂದದ್ದನ್ನು ಗಮನಿಸುವಂತಿಲ್ಲ. ಪಂಚರನ್ನು, ಅಂದರೆ ಸಾಕ್ಷಿಗಳನ್ನು, ಕರೆದುಕೊಂಡು ಹೋಗಿ ಸಿಕ್ಕಿದ್ದನ್ನು ಬರೆದಿಡುವ ಮಹಜರು ಮಾಡುವುದಕ್ಕೆ ಪೊಲೀಸರು ಅಷ್ಟು ಮಹತ್ವ ಕೊಡುವುದು ಇದಕ್ಕೇ.

ಆದರೂ ಒಂದು ಅನುಮಾನ ಉಳಿಯುತ್ತದೆ. ಹೊಡೆತ ತಾಳಲಾರದೆ ಒಪ್ಪಿಕೊಂಡರೆ ಅರ್ಥವಾಗುತ್ತದೆ. ಸುಮ್ನೆ ಪ್ರಶ್ನೆ ಕೇಳಿದ್ದಕ್ಕೇ ಮಾಡದ ತಪ್ಪನ್ನು ಯಾರಾದರೂ ಒಪ್ಪಿಕೊಳ್ಳುತ್ತಾರಾ?

ಒಪ್ಪಿಕೊಳ್ಳುತ್ತಾರೆ. 1989ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಜಾಗಿಂಗ್‌ಗೆ ಹೋಗಿದ್ದ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು. ಪೊಲೀಸರು 14ರಿಂದ 16 ವರ್ಷದ ಹುಡುಗರನ್ನು ಹಿಡಿದು ಗಂಟೆಗಟ್ಟಲೆ ಪ್ರಶ್ನಿಸಿದರು. ನಾಲ್ವರು ಕ್ಯಾಮೆರಾ ಮುಂದೆಯೇ ಒಪ್ಪಿಕೊಂಡರು. ಒಬ್ಬ ಹೇಳಿದ್ದಕ್ಕೂ ಇನ್ನೊಬ್ಬ ಹೇಳಿದ್ದಕ್ಕೂ ತಾಳೆಯಾಗಲಿಲ್ಲ. ಡಿಎನ್‌ಎ ಯಾರಿಗೂ ಹೊಂದಲಿಲ್ಲ. ಆದರೂ ಐವರಿಗೆ ಶಿಕ್ಷೆಯಾಯಿತು. ಒಪ್ಪಿಕೊಂಡಿದ್ದಾರಲ್ಲ, ಇನ್ನೇನು ಬೇಕು! 2002ರಲ್ಲಿ, ಬೇರೆ ಕೇಸಿನಲ್ಲಿ ಜೈಲಿನಲ್ಲಿದ್ದವನೊಬ್ಬ ಇದು ತನ್ನದೇ ಕೆಲಸ ಎಂದ. ಅವನ ಡಿಎನ್‌ಎ ಹೊಂದಿತು. ಐವರ ಶಿಕ್ಷೆಯೂ ರದ್ದಾಯಿತು. ಅಷ್ಟರಲ್ಲಿ ಅವರ ಹುಡುಗತನ ಜೈಲಿನಲ್ಲೇ ಕಳೆದುಹೋಗಿತ್ತು.

ಹೇಳಿಬಿಟ್ಟರೆ ಮನೆಗೆ ಕಳಿಸುತ್ತಾರೆ ಅಂದುಕೊಂಡಿದ್ದೆವು ಎಂದು ಅವರು ಆಮೇಲೆ ಹೇಳಿಕೊಂಡರು. ಗುಟ್ಟು ಇಲ್ಲೇ ಇದೆ. ನಿದ್ದೆಗೆಟ್ಟ ಹುಡುಗನಿಗೆ ಹತ್ತು ವರ್ಷದ ಶಿಕ್ಷೆ ದೂರದ ಮಾತು, ಈ ಕೋಣೆಯಿಂದ ಹೊರಗೆ ಹೋಗುವುದು ಈಗಿನ ಮಾತು. 'ನಿಜ ಹೇಗೂ ಗೊತ್ತಾಗುತ್ತೆ' ಎಂಬ ಧೈರ್ಯ ತಪ್ಪು ಮಾಡದವನಿಗೇ ಜಾಸ್ತಿ. ಇನ್ನು ವಿವರಗಳು? ಕೇಳುವವರ ಪ್ರಶ್ನೆಯಲ್ಲೇ ಅರ್ಧ ಉತ್ತರ ಇರುತ್ತದೆ.

ನಮ್ಮಲ್ಲಿ ಬೆಲೆ ಇರುವುದು ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ. 'ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಸಬಹುದು' ಎಂದು ಅವರು ಮೊದಲೇ ತಿಳಿಸಬೇಕು. ಅಲ್ಲಿ ಆರೋಪಿ 'ಇಲ್ಲ, ನಾನು ಹೇಳಲ್ಲ' ಎಂದರೆ, ಆ ಮ್ಯಾಜಿಸ್ಟ್ರೇಟರು ಅವನನ್ನು ಮತ್ತೆ ಪೊಲೀಸರ ವಶಕ್ಕೆ ಒಪ್ಪಿಸುವಂತಿಲ್ಲ.