ಹಳೇ ಮರದ ಬೋರ್ಡಿಗೆ ಬೆನ್ನೇ ಸಾಕ್ಷಿ

ಹಳೇ ಅಂಗಡಿ ಬೋರ್ಡಿನ ಫೋಟೋ ಕಳಿಸುವವರು ಸಾಮಾನ್ಯವಾಗಿ ಮುಂಭಾಗವನ್ನು ಮಾತ್ರ ತೆಗೆದಿರುತ್ತಾರೆ. ಜೊತೆಗೆ ಒಂದೇ ಪ್ರಶ್ನೆ: "ಇದಕ್ಕೆ ಎಷ್ಟು ಬರಬಹುದು ಸಾರ್?" ನಾನು ಹಿಂಭಾಗದ ಫೋಟೋ ಕೇಳುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಹಿಂದೆ ಏನಿದೆ, ಬರೀ ಧೂಳು, ಮೊಳೆ, ಅಲ್ವಾ? ನನಗೆ ಬೇಕಾದದ್ದು ಅದೇ. ಕೈ ಪಳಗಿದವನು ಮುಂದಿನ ಚಿತ್ರ, ಅಕ್ಷರಗಳನ್ನು ಹಳೆಯದರ ಹಾಗೆ ಬರೆದುಬಿಡುತ್ತಾನೆ. ಹಿಂದುಗಡೆಗೂ ಅಷ್ಟೇ ಕಷ್ಟಪಡುವ ನಕಲಿಗ ಕಡಿಮೆ.

ಮೊದಲು ಗರಗಸದ ಗುರುತು ನೋಡಿ. ಟಾರ್ಚನ್ನು ಹಲಗೆಗೆ ನೇರವಾಗಿ ಹಿಡಿಯಬೇಡಿ. ಪಕ್ಕದಿಂದ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಕೈಯಿಂದ ಕೊಯ್ದ ಹಲಗೆಯಲ್ಲಿ ಗೆರೆಗಳು ನೇರವಾಗಿದ್ದರೂ ಅಂತರ ಹೆಚ್ಚುಕಡಿಮೆ ಇರುತ್ತದೆ. ಕಮಾನಿನಂತೆ ಬಾಗಿದ ಗೆರೆಗಳಿದ್ದರೆ ಅದು ವೃತ್ತಾಕಾರದ ಗರಗಸದ ಕೆಲಸ, ಅಂದರೆ ಹತ್ತೊಂಬತ್ತನೇ ಶತಮಾನದ್ದು ಅಥವಾ ಆಮೇಲಿನದು. ಬೆರಳು ಆಡಿಸಿದಾಗ ಅಲೆಅಲೆಯಾಗಿ ಸಣ್ಣ ತಗ್ಗುಗಳು ಸಿಕ್ಕಿದರೆ ಕೈ ಕೀಸುಳಿ ಓಡಿದೆ ಎಂದು ಅರ್ಥ. ಅಳತೆ ಹಾಕಿದಂಥ ಒಂದೇ ಸಮನಾದ ಅಲೆಗಳು ಯಂತ್ರದವು.

ಆಮೇಲೆ ಮೊಳೆ. ಕಮ್ಮಾರ ಬಡಿದ ಮೊಳೆ ನಾಲ್ಕೂ ಬದಿಗೆ ಚೂಪಾಗುತ್ತಾ ಹೋಗುತ್ತದೆ. ಅದರ ತಲೆಯ ಮೇಲೆ ಸುತ್ತಿಗೆ ಪೆಟ್ಟು ಕಾಣುತ್ತದೆ. ತಗಡಿನಿಂದ ಯಂತ್ರ ಕತ್ತರಿಸಿದ ಚಪ್ಪಟೆ ಮೊಳೆ ಹದಿನೆಂಟನೇ ಶತಮಾನದ ಕೊನೆಗೆ ಬಂತು. ಈಗ ನಾವು ಬಳಸುವ ದುಂಡನೆಯ ತಂತಿ ಮೊಳೆ ಎಲ್ಲೆಡೆ ಹರಡಿದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. ಸ್ಕ್ರೂ ಇನ್ನೂ ಸುಲಭದ ಸಾಕ್ಷಿ. 1840ರ ದಶಕದವರೆಗೆ ಮರದ ಸ್ಕ್ರೂಗಳ ತುದಿ ಮೊಂಡಾಗಿರುತ್ತಿತ್ತು. ತಲೆಯಲ್ಲಿ ಪ್ಲಸ್ ಗುರುತಿನ ಸೀಳು ಇರುವ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದ ನಡುವೆ. ಆದರೆ ಒಂದು ಸ್ಕ್ರೂ ಕಂಡ ಕೂಡಲೇ ತೀರ್ಪು ಕೊಡಬಾರದು. ಅಕ್ಕಪಕ್ಕದಲ್ಲಿ ಹಳೇ ತೂತು ಇದ್ದರೆ ಯಾರೋ ರಿಪೇರಿ ಮಾಡಿದ್ದಾರೆ ಅಷ್ಟೇ. ಬೋರ್ಡಿನ ಎಲ್ಲ ಕೀಲುಗಳಲ್ಲೂ ಅದೇ ಸ್ಕ್ರೂ, ಹಳೇ ತೂತು ಒಂದೂ ಇಲ್ಲ, ಆದರೆ "1850ರದ್ದು" ಎಂಬ ಕಥೆ ಮಾತ್ರ ಇದೆ ಅಂದರೆ ಕಥೆಯನ್ನು ಬದಿಗಿಡಿ.

ಇಲ್ಲಿ ಒಂದು ಬಲೆ ಇದೆ. ಹಲಗೆ ಹಳೆಯದು ಅಂದಮಾತ್ರಕ್ಕೆ ಬೋರ್ಡು ಹಳೆಯದಲ್ಲ. ಹಳೇ ಬಾಗಿಲು, ಮೇಜಿನ ಹಲಗೆ, ಕೊಟ್ಟಿಗೆಯ ಮರ ತಂದು ಅದರ ಮೇಲೆ ಹೊಸದಾಗಿ ಬರೆಯುವುದೇ ನಕಲಿಗಳ ಮುಖ್ಯ ದಾರಿ. ಹಾಗಾಗಿ ಅಂಚು ನೋಡಬೇಕು. ಅಳತೆಗೆ ಹೊಂದಿಸಲು ಇತ್ತೀಚೆಗೆ ಕೊಯ್ದಿದ್ದರೆ ಒಳಗಿನ ಮರ ತಿಳಿಯಾಗಿ ಕಾಣುತ್ತದೆ, ಇಲ್ಲವೇ ಅದನ್ನು ಮುಚ್ಚಲು ಕಂದು ಬಣ್ಣ ಬಳಿದಿರುತ್ತಾರೆ. ಹುಳು ಕೊರೆದ ತೂತು ಮೇಲಿನಿಂದ ದುಂಡಗೆ ಕಾಣಬೇಕು. ಮೇಲ್ಮೈಯಲ್ಲಿ ಉದ್ದುದ್ದ ಸುರಂಗ ತೆರೆದುಕೊಂಡಿದ್ದರೆ ಹುಳು ತಿಂದ ಮೇಲೆ ಮರವನ್ನು ಕೀಸಿದ್ದಾರೆ ಎಂದರ್ಥ. ಬೋರ್ಡು ದುಂಡಗಿದ್ದರೆ ಟೇಪು ಹಿಡಿದು ಎರಡು ಕಡೆ ಅಳೆಯಿರಿ. ಮರ ತನ್ನ ನಾರಿನ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಇಡೀ ಹಲಗೆಯಿಂದ ಮಾಡಿದ ಹಳೇ ದುಂಡು ಬೋರ್ಡು ಸ್ವಲ್ಪವಾದರೂ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಪಕ್ಕಾ ವೃತ್ತ ಇದ್ದರೆ ನನಗೆ ಅನುಮಾನ ಜಾಸ್ತಿಯಾಗುತ್ತದೆ.

ಈಗ ಮುಂಭಾಗಕ್ಕೆ ಬರೋಣ. ಭೂತಗನ್ನಡಿ ಇಟ್ಟು ಒಂದೇ ಒಂದು ಬಿರುಕನ್ನು ಸಾವಧಾನವಾಗಿ ನೋಡಿ, ಸಾಕು. ಬಣ್ಣ ಬಳಿದ ಮೇಲೆ ಮರ ಬಿರಿದಿದ್ದರೆ ಬಣ್ಣದ ಅಂಚು ಮುರಿದ ಗಾಜಿನ ಹಾಗೆ ಚೂಪಾಗಿರುತ್ತದೆ. ಬಿರುಕಿನ ಒಳಗೆ ಬರೀ ಮರ, ಧೂಳು ಕಾಣುತ್ತದೆ. ಮರ ಬಿರಿದ ಮೇಲೆ ಬಣ್ಣ ಬಳಿದಿದ್ದರೆ ಬಣ್ಣ ಒಳಕ್ಕೆ ಇಳಿದು ಅಂಚಿನಲ್ಲಿ ಮೃದುವಾಗಿ ಮಡಿಚಿಕೊಂಡಿರುತ್ತದೆ. ಹುಳುವಿನ ತೂತಿಗೂ ಇದೇ ಪರೀಕ್ಷೆ. ಸಹಿಗೂ ಅಷ್ಟೇ: ಹೆಸರಿನ ಬಣ್ಣ ಬಿರುಕಿನೊಳಗೆ ಹರಿದಿದ್ದರೆ ಆ ಸಹಿ ಆಮೇಲೆ ಹುಟ್ಟಿದ್ದು.

ನನಗೆ ಬಹಳ ಇಷ್ಟವಾದ ಗುರುತು ಇನ್ನೊಂದಿದೆ. ಎಷ್ಟೋ ವರ್ಷ ಬಿಸಿಲು ಮಳೆಯಲ್ಲಿದ್ದ ಬೋರ್ಡಿನಲ್ಲಿ ಅಕ್ಷರಗಳು ಹಿನ್ನೆಲೆಗಿಂತ ಕೂದಲೆಳೆಯಷ್ಟು ಎತ್ತರವಾಗಿ ನಿಂತಿರುತ್ತವೆ. ಯಾರೂ ಅವನ್ನು ಕೆತ್ತಿರುವುದಿಲ್ಲ. ಸೀಸದ ಬಿಳಿ ಬಣ್ಣ ಗಟ್ಟಿ. ಅದರ ಕೆಳಗಿನ ಮರ ಸವೆಯದೆ ಉಳಿದಿರುತ್ತದೆ. ಸುತ್ತಲಿನ ತೆಳುವಾದ ಬಣ್ಣ ಉದುರಿಹೋಗಿ ಮರ ಸವೆಯುತ್ತದೆ. ಮರದ ಎಳೆಗಳಲ್ಲಿ ಮೆತ್ತನೆಯ ಭಾಗ ಮೊದಲು ಹೋಗಿ ಗಟ್ಟಿ ಭಾಗ ಸಣ್ಣ ಏಣುಗಳಾಗಿ ಉಳಿಯುತ್ತದೆ. ಕಣ್ಣುಮುಚ್ಚಿ ಬೆರಳಾಡಿಸಿದರೂ ಅಕ್ಷರ ಓದಬಹುದು. ಬಣ್ಣ ಪೂರ್ತಿ ಹೋದ ಮೇಲೂ ಈ ನೆರಳಕ್ಷರ ಉಳಿದಿರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ ಇದನ್ನು ಅನುಕರಿಸುವವರಿದ್ದಾರೆ. ಆದರೆ ಅವರು ಚೌಕಟ್ಟಿನ ಪಟ್ಟಿಯ ಕೆಳಗನ್ನು ಮರೆಯುತ್ತಾರೆ. ಪಟ್ಟಿ ಎಲ್ಲಿ ಸ್ವಲ್ಪ ಸಡಿಲವಾಗಿದೆಯೋ ಅಲ್ಲಿ ಇಣುಕಿ ನೋಡಿ. ಗಾಳಿಮಳೆ ತಾಗದ ಆ ಜಾಗದಲ್ಲಿ ಮೂಲ ಬಣ್ಣ ಹೊಸದರ ಹಾಗೆ ಇರಬೇಕು. ಅಲ್ಲೂ ಮರ ಸವೆದಿದ್ದರೆ ಲೆಕ್ಕ ತಪ್ಪಿತು.

ಸವೆತಕ್ಕೂ ಒಂದು ನ್ಯಾಯ ಇದೆ. ನೇತುಹಾಕಿದ ಬೋರ್ಡಾದರೆ ಕೊಂಡಿಯ ತೂತು ಮೇಲ್ಗಡೆಗೆ ತೇದು ಉದ್ದವಾಗಿರಬೇಕು, ಕೆಳಗಿನ ಅಂಚು ನೀರು ನಿಂತು ಹೆಚ್ಚು ಹಾಳಾಗಿರಬೇಕು. ನಾಲ್ಕೂ ಮೂಲೆ ಒಂದೇ ಸಮ ಸವೆದಿದ್ದರೆ ಅದು ಸ್ಯಾಂಡ್‌ಪೇಪರಿನ ಕೆಲಸ.

ಕತ್ತಲೆ ಕೋಣೆಯಲ್ಲಿ ನೇರಳಾತೀತ (UV) ಟಾರ್ಚಿನ ಬೆಳಕು ಹಾಯಿಸಿದರೆ ಇನ್ನಷ್ಟು ತಿಳಿಯುತ್ತದೆ. ಸತುವಿನ ಬಿಳಿ ಹಳದಿ-ಹಸಿರಾಗಿ ಹೊಳೆಯುತ್ತದೆ. ಟೈಟಾನಿಯಂ ಬಿಳಿ ಹೊಳೆಯದೆ ಕಪ್ಪಾಗಿ ಉಳಿಯುತ್ತದೆ. ಟೈಟಾನಿಯಂ ಬಿಳಿ ಮಾರುಕಟ್ಟೆಗೆ ಬಂದದ್ದು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ. ಅದಕ್ಕಿಂತ ಹಿಂದಿನದು ಎನ್ನುವ ಬೋರ್ಡಿನ ಮೂಲ ಪದರದಲ್ಲಿ ಅದು ಇರುವಂತಿಲ್ಲ. ಹಳೇ ವಾರ್ನಿಶ್ ಮಂಜು ಹಸಿರಾಗಿ ಹೊಳೆದರೆ, ಅದರ ಮೇಲೆ ಆಮೇಲೆ ತಿದ್ದಿದ ಜಾಗಗಳು ಕಪ್ಪು ಮಚ್ಚೆಗಳಾಗಿ ಎದ್ದು ಕಾಣುತ್ತವೆ. ಚಿನ್ನದ ಅಕ್ಷರವಿದ್ದರೆ ನಿಜವಾದ ಚಿನ್ನದ ರೇಕು ಕಪ್ಪಾಗುವುದಿಲ್ಲ. ಹಿತ್ತಾಳೆ ಪುಡಿಯ ಬಣ್ಣ ಕಂದಾಗುತ್ತದೆ. ದೊಡ್ಡ ಅಕ್ಷರದಲ್ಲಿ ಸುಮಾರು ಎಂಟೂವರೆ ಸೆಂಟಿಮೀಟರಿಗೊಮ್ಮೆ ರೇಕು ಒಂದರ ಮೇಲೊಂದು ಕೂತ ತೆಳು ಗೆರೆಯೂ ಕಾಣಬಹುದು. ಕೆಲವು ಹತ್ತೊಂಬತ್ತನೇ ಶತಮಾನದ ಬೋರ್ಡುಗಳ ಹಿನ್ನೆಲೆ ಮರಳಿನಂತೆ ಒರಟಾಗಿ ಮಿನುಗುತ್ತದೆ. ಅದು ಹಸಿ ಬಣ್ಣದ ಮೇಲೆ ಉದುರಿಸಿದ ನೀಲಿ ಗಾಜಿನ ಪುಡಿ. ಕೊಳೆ ಎಂದುಕೊಂಡು ಅದನ್ನು ಉಜ್ಜಿ ತೆಗೆದವರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಜೊತೆಗೆ ಬರುವ ಕಥೆಯನ್ನೂ ಪರೀಕ್ಷಿಸಬೇಕು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಭಾಗದಲ್ಲಿ 1762ರ ಕಾಯ್ದೆಯ ನಂತರ ಬೀದಿಗೆ ಚಾಚಿಕೊಂಡಿದ್ದ ಅಂಗಡಿ ಬೋರ್ಡುಗಳನ್ನು ಇಳಿಸಿದರು, ಗೋಡೆಗೆ ಅಂಟಿಕೊಂಡ ಬೋರ್ಡುಗಳು ಬಂದವು. ಹಾಗಿರುವಾಗ "1790ರಲ್ಲಿ ಅಲ್ಲಿನ ಬೀದಿಯಲ್ಲಿ ತೂಗಾಡುತ್ತಿದ್ದ ಚಪ್ಪಲಿ ಅಂಗಡಿಯ ಬೋರ್ಡು" ಎಂದರೆ ಎರಡು ಸಲ ಯೋಚಿಸಬೇಕಾಗುತ್ತದೆ. ಆಮೇಲಿನ ಕಾಲದ ಪ್ಲೈವುಡ್ಡು, ಹಾರ್ಡ್‌ಬೋರ್ಡುಗಳೂ ಹೀಗೆಯೇ ಕಥೆಯ ಗುಟ್ಟು ಬಿಟ್ಟುಕೊಡುತ್ತವೆ. ಇನ್ನು ಒಂದೇ ಪದದೊಳಗಿನ ಎರಡು ಅಕ್ಷರ ಅಚ್ಚು ಹೊಡೆದಂತೆ ತದ್ರೂಪ ಇದ್ದರೆ ಅದು ಕಂಪ್ಯೂಟರು ಅಥವಾ ಕೊರೆಯಚ್ಚಿನ (ಸ್ಟೆನ್ಸಿಲ್) ಕೆಲಸ. ಕೈಬರಹದಲ್ಲಿ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ.

ಬೆಲೆ ವಿಷಯಕ್ಕೆ ಬಂದರೆ, ಬೋರ್ಡಿನ ವಯಸ್ಸೇ ದೊಡ್ಡದಲ್ಲ. ಬರೀ ಹೆಸರು ಬರೆದ ಹಳೇ ಹಲಗೆಗಿಂತ ಚಿತ್ರವಿರುವ, ಅದಕ್ಕಿಂತ ಹೆಚ್ಚಾಗಿ ಕೆತ್ತಿದ ಆಕಾರದ ಬೋರ್ಡಿಗೆ ಬೇಡಿಕೆ ಜಾಸ್ತಿ. ಓದು ಬಾರದ ಗಿರಾಕಿಗಾಗಿ ಮಾಡಿದ ದೊಡ್ಡ ಬೂಟು, ಬೀಗದ ಕೈ, ಕನ್ನಡಕ, ಔಷಧಿ ಅರೆಯುವ ಕಲ್ಬತ್ತು, ಇಂಥವು. ಕೆಲಸಗಾರನ ಹೆಸರು ಖಚಿತವಾದರೆ ಮೌಲ್ಯ ಏರುತ್ತದೆ. ಅಮೆರಿಕದಲ್ಲಿ ಹಾರ್ಟ್‌ಫರ್ಡಿನ ವಿಲಿಯಂ ರೈಸ್ ಬರೆದ ಛತ್ರದ ಬೋರ್ಡುಗಳಿಗೂ ನ್ಯೂಯಾರ್ಕಿನ ಸ್ಯಾಮುಯೆಲ್ ರಾಬ್ ಕಾರ್ಖಾನೆಯ ಚುಟ್ಟದಂಗಡಿ ಮುಂದೆ ನಿಲ್ಲಿಸುತ್ತಿದ್ದ ಗೊಂಬೆಗಳಿಗೂ ಹೀಗೆ ಹೆಸರಿನ ಬಲ ಇದೆ. ಅಳತೆಯೂ ಲೆಕ್ಕಕ್ಕೆ ಬರುತ್ತದೆ. ಗೋಡೆಗೆ ಹಿಡಿಸದ ಐದು ಮೀಟರ್ ಬೋರ್ಡು ಎಷ್ಟೇ ಚೆನ್ನಾಗಿದ್ದರೂ ಕೊಳ್ಳುವವರು ಕಡಿಮೆ.

ಎಲ್ಲಕ್ಕಿಂತ ಮುಖ್ಯ, ಮೂಲ ಬಣ್ಣ. ಅರ್ಧ ಉದುರಿದ್ದರೂ ಕೈ ಹಾಕದ ಬೋರ್ಡನ್ನೇ ನಾನು ಮೇಲೆ ಇಡುತ್ತೇನೆ. ಹೊಸದಾಗಿ ಬಣ್ಣ ತುಂಬಿ ಮಿರಿಮಿರಿ ಮಾಡಿದ್ದು ಅದಕ್ಕಿಂತ ಎಷ್ಟೋ ಕೆಳಗೆ. ಹಾಗೆಂದು ಮೇಲೆ ಬಳಿದದ್ದೆಲ್ಲ ಕೆಟ್ಟದ್ದಲ್ಲ. ಯಜಮಾನ ಬದಲಾದಾಗ ಛತ್ರದ ಬೋರ್ಡಿನ ಮೇಲೆ ಹೊಸ ಹೆಸರು, ಹೊಸ ಇಸವಿ ಬರೆಯುವ ರೂಢಿ ಇತ್ತು. ಬೋರ್ಡು ಬಳಕೆಯಲ್ಲಿದ್ದಾಗಲೇ ಸೇರಿದ ಆ ಪದರ ಅದರ ಚರಿತ್ರೆಯ ಭಾಗ. ಮಾರಾಟಕ್ಕಾಗಿ ನಿನ್ನೆ ಬಳಿದದ್ದು ಬೇರೆ.

ಆನ್‌ಲೈನಿನಲ್ಲಿ ಇಂಥದ್ದೇ ಬೋರ್ಡಿಗೆ ಇಷ್ಟು ಹಾಕಿದ್ದಾರೆ ಎಂದು ತೋರಿಸುವವರಿಗೆ ನನ್ನ ಉತ್ತರ ಒಂದೇ: ಅದು ಕೇಳಿದ ಬೆಲೆ, ಮಾರಿದ ಬೆಲೆಯಲ್ಲ. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ದಾಖಲೆ ನೋಡಿ. ಅಲ್ಲೂ ಸುತ್ತಿಗೆ ಬಿದ್ದ ಮೊತ್ತ ಬೇರೆ, ಅದರ ಮೇಲೆ ಕೊಂಡವರು ಕಟ್ಟುವ ಕಮಿಷನ್ ಸೇರಿದ ಮೊತ್ತ ಬೇರೆ. ವಿಮೆಗೆ ಬರೆಯುವ ಮೌಲ್ಯ ಅಂಥದ್ದೇ ಇನ್ನೊಂದು ವಸ್ತುವನ್ನು ಅಂಗಡಿಯಿಂದ ತರಲು ತಗಲುವ ಹಣ. ಸಾಮಾನ್ಯವಾಗಿ ಅದು ನಿಮ್ಮ ಕೈಗೆ ಸಿಗುವ ಮಾರಾಟದ ಹಣಕ್ಕಿಂತ ಹೆಚ್ಚಿರುತ್ತದೆ. ಮೌಲ್ಯ ಬರೆಸುವಾಗ ಯಾವ ಕಾರಣಕ್ಕೆ ಎಂದು ಮೊದಲೇ ಹೇಳಿಬಿಡಿ.

ಮನೆಯಲ್ಲಿ ಏನು ಮಾಡಬಹುದು? ಹೆಚ್ಚೇನೂ ಇಲ್ಲ. ಸೋಪು ನೀರು, ಎಣ್ಣೆ, ವಾರ್ನಿಶ್ ಯಾವುದೂ ಬೇಡ. ಹಳೇ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಕೆರೆದರೆ, ಉಜ್ಜಿದರೆ ಆ ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ, ಮಕ್ಕಳಿಗಂತೂ ತೀರಾ ಅಪಾಯ. ಚಕ್ಕೆ ಏಳುತ್ತಿದ್ದರೆ ಮುಖ ಮೇಲೆ ಮಾಡಿ ಮಲಗಿಸಿಡಿ, ಬಿಸಿಲು, ಹೀಟರುಗಳಿಂದ ದೂರವಿಡಿ, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ. ಬಿದ್ದ ಚಕ್ಕೆಗಳನ್ನು ಎಸೆಯದೆ ಪೊಟ್ಟಣ ಕಟ್ಟಿ, ಯಾವ ಜಾಗದ್ದು ಎಂದು ಬರೆದಿಡಿ. ಪದರಗಳನ್ನು ಓದಲು ಅವು ಬೇಕಾಗುತ್ತವೆ.

ಯಾರ ಹತ್ತಿರ ತೋರಿಸಬೇಕು ಎಂದು ಕೇಳುತ್ತೀರಿ. ಬೋರ್ಡಿನ ಬೆಲೆಯ ಇಷ್ಟು ಪರ್ಸೆಂಟ್ ಫೀ ಎನ್ನುವವರ ಹತ್ತಿರ ಬೇಡ. ಬೆಲೆ ಏರಿಸಿದಷ್ಟೂ ಅವರಿಗೇ ಲಾಭ. ಅಮೆರಿಕದ ಮೌಲ್ಯಮಾಪಕರ ವೃತ್ತಿ ನಿಯಮಗಳಲ್ಲಂತೂ ಇದು ನಿಷಿದ್ಧ. ಬೆಲೆ ಹೇಳಿದ ಬಾಯಲ್ಲೇ "ನಾನೇ ತಗೊಳ್ತೀನಿ, ಕೊಡಿ" ಎನ್ನುವವರಿದ್ದರೆ ಬೋರ್ಡನ್ನು ಕೆಳಗಿಡದೆ ಇನ್ನೊಬ್ಬರ ಹತ್ತಿರ ಹೋಗಿ.